ಟಾರ್ಗೆಟೆಡ್ ಮಾತ್ರೆ ನುಂಗುವವರ ಚರ್ಮಕ್ಕೆ, ಉಗುರಿಗೆ, ಬಾಯಿಗೆ: ನಾವು ಕೊಂಡ ಸಾಮಾನುಗಳ ರಿವ್ಯೂ

ಕ್ಯಾನ್ಸರ್‌ಗೆ ಟಾರ್ಗೆಟೆಡ್ ಮಾತ್ರೆ, ಅಂದರೆ ಕ್ಯಾನ್ಸರ್ ಕಣ ಬೆಳೆಯಲು ಬೇಕಾದ ಸ್ವಿಚ್ಚನ್ನೇ ಗುರಿಯಿಟ್ಟು ತಡೆಯುವ ಮಾತ್ರೆ, ಶುರು ಮಾಡುವವರ ಮನೆಗೆ ಮೊದಲ ಸ್ಟ್ರಿಪ್ ಜೊತೆಗೇ ಇನ್ನೊಂದು ಚೀಲ ಬರಬೇಕು. ಅದರಲ್ಲಿ ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಪೆಟ್ರೋಲಿಯಂ ಜೆಲ್ಲಿ, ಮೆತ್ತನೆಯ ಬ್ರಷ್, ಅಡುಗೆ ಸೋಡಾ ಇರಬೇಕು. ಈ ಮಾತ್ರೆಯಿಂದ ಮೈಮೇಲೆ ಗುಳ್ಳೆ ಎದ್ದ ಮೇಲೆ ಒಂದೊಂದನ್ನೇ ಹುಡುಕುತ್ತಾ ಅಂಗಡಿ ಅಂಗಡಿ ತಿರುಗಿದರೆ ದುಡ್ಡೂ ಜಾಸ್ತಿ, ನೋವೂ ಜಾಸ್ತಿ. ಯಾವುದು ಕೊಳ್ಳಬೇಕು, ಯಾವುದರ ಹತ್ತಿರ ಹೋಗಬಾರದು ಅನ್ನೋದನ್ನು ನಮಗೆ ಯಾರಾದರೂ ಬಿಡಿಸಿ ಹೇಳಿದ್ದರೆ ಅಮ್ಮ ಅಷ್ಟು ನರಳುತ್ತಿರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್. ಜೀವಮಾನದಲ್ಲಿ ಬೀಡಿ ಸಿಗರೇಟು ಮುಟ್ಟಿದವರಲ್ಲ. ಟೆಸ್ಟ್ ಮಾಡಿಸಿದಾಗ ಇಜಿಎಫ್‌ಆರ್ ಮ್ಯುಟೇಶನ್, ಅಂದರೆ ಆ ಹೆಸರಿನ ಜೀನಿನಲ್ಲಿ ಬದಲಾವಣೆ, ಇದೆ ಅಂತ ಬಂತು. ಸಿಗರೇಟು ಸೇದದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ ಇದು ಹೆಚ್ಚು ಕಾಣುತ್ತದೆ. ಮೊದಲು ಎರ್ಲೋಟಿನಿಬ್ 150 ಮಿಲಿಗ್ರಾಂ ಕೊಟ್ಟರು. ಕೆಲವು ಕಾಲ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಟಿ790ಎಂ ಅನ್ನುವ, ಆ ಮಾತ್ರೆಗೆ ಬಗ್ಗದ ಇನ್ನೊಂದು ಮ್ಯುಟೇಶನ್ ಸಿಕ್ಕಿತು, ಓಸಿಮೆರ್ಟಿನಿಬ್ 80 ಮಿಲಿಗ್ರಾಂಗೆ ಬದಲಾಯಿಸಿದರು. ಹಾಗಾಗಿ ಎರಡೂ ಮಾತ್ರೆಗಳ ಕಾಟ ನೋಡಿದ್ದೇವೆ. ಎರ್ಲೋಟಿನಿಬ್‌ನಲ್ಲಿ ಮುಖದ ತುಂಬಾ ಗುಳ್ಳೆ. ಓಸಿಮೆರ್ಟಿನಿಬ್‌ನಲ್ಲಿ ಗುಳ್ಳೆ ಬಹಳ ಕಡಿಮೆ, ಆದರೆ ಉಗುರು ಮತ್ತು ಬಾಯಿ. ನಾವಿರುವುದು ದಾವಣಗೆರೆ, ದೊಡ್ಡ ಡಾಕ್ಟರ್ ಇರುವುದು ಬೆಂಗಳೂರಿನಲ್ಲಿ. ಮಧ್ಯೆ ಏನಾದರೂ ಆದರೆ ನಮ್ಮ ಬೀದಿಯ ಮೆಡಿಕಲ್ ಶಾಪೇ ಗತಿ.

ಇಜಿಎಫ್‌ಆರ್ ಅನ್ನೋದು ಕಣಗಳಿಗೆ ಬೆಳೆಯಲು ಹೇಳುವ ಒಂದು ಸ್ವಿಚ್ಚು. ಅದು ಕ್ಯಾನ್ಸರ್ ಕಣದ ಮೇಲೆ ಮಾತ್ರ ಇರುವುದಿಲ್ಲ. ಚರ್ಮದ ಕೆಳಪದರದಲ್ಲಿ, ಕೂದಲಿನ ಬುಡದಲ್ಲಿ, ಉಗುರಿನ ಸುತ್ತ, ಎಲ್ಲ ಕಡೆ ಇದೆ. ಮಾತ್ರೆ ಅಲ್ಲೂ ಅದನ್ನು ಆರಿಸುತ್ತದೆ. ಅದಕ್ಕೇ ಮೊದಲ ಎರಡು ವಾರದಲ್ಲೇ ಮುಖ, ತಲೆ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಕೀವು ತುಂಬಿದಂಥ ಗುಳ್ಳೆ ಏಳುತ್ತವೆ. ಒಂದೆರಡು ತಿಂಗಳಲ್ಲಿ ಚರ್ಮ ಒಣಗಿ ಬಿರಿಯುತ್ತದೆ, ಉಗುರಿನ ಅಂಚು ಊದಿಕೊಳ್ಳುತ್ತದೆ. ಇದು ಅಲರ್ಜಿ ಅಲ್ಲ, ಅಂಟುರೋಗ ಅಲ್ಲ, ಕೊಳಕಿನಿಂದ ಬಂದಿದ್ದೂ ಅಲ್ಲ. ನಮ್ಮ ಪಕ್ಕದ ಮನೆಯವರು ಸೀತಾಳೆ ಸಿಡುಬು ಅಂದುಕೊಂಡು ಮಕ್ಕಳನ್ನು ನಮ್ಮನೆ ಕಡೆ ಕಳಿಸುವುದೇ ನಿಲ್ಲಿಸಿದರು. ಅಮ್ಮನಿಗೆ ಗುಳ್ಳೆಯ ಉರಿಗಿಂತ ಅದೇ ಜಾಸ್ತಿ ಸಂಕಟ ಕೊಟ್ಟಿತು. ಕೊನೆಗೆ ನಾನೇ ಹೋಗಿ, ಇದು ಮಾತ್ರೆಯಿಂದ ಬಂದಿದ್ದು, ಮುಟ್ಟಿದರೂ ಹರಡಲ್ಲ ಅಂತ ಹೇಳಿ ಬಂದೆ.

ಈಗ ಸಾಮಾನುಗಳ ವಿಷಯ.

ಮೊದಲು ಕೈಗೆ ಬಂದಿದ್ದು ಮೊಡವೆ ಫೇಸ್‌ವಾಶ್ ಮತ್ತು ಮೊಡವೆ ಜೆಲ್. ಮೆಡಿಕಲ್ ಶಾಪಿನವರು ಫೋಟೋ ನೋಡಿದ ತಕ್ಷಣ, "ಅಕ್ಕಾ, ಇದು ಪಿಂಪಲ್, ಇದನ್ನ ಹಚ್ಚಿ ಹೋಗುತ್ತೆ" ಅಂತ ಕೊಟ್ಟರು. ಕ್ಯಾನ್ಸರ್ ಮಾತ್ರೆ ತಗೋತಿದ್ದಾರೆ ಅಂತ ಹೇಳಿದರೂ ಅದನ್ನೇ ಕೊಟ್ಟರು. ಜೆಲ್‌ನಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇತ್ತು. ಅದು ಮೊಡವೆಯ ಔಷಧಿ, ಚರ್ಮವನ್ನು ಒಣಗಿಸುತ್ತದೆ. ಇಲ್ಲಿ ಚರ್ಮ ಮೊದಲೇ ತೆಳ್ಳಗಾಗಿ ಒಣಗುತ್ತಿದೆ, ಅದರ ಮೇಲೆ ಇದು. ಅಮ್ಮನ ಕೆನ್ನೆ ಕೆಂಡದ ಹಾಗೆ ಆಯಿತು. ನೋಡೋಕೆ ಮೊಡವೆ ಥರ ಇದ್ದರೂ ಇದು ಮೊಡವೆ ಅಲ್ಲ, ಮೊಡವೆಯಲ್ಲಿ ಇರುವ ಬ್ಲ್ಯಾಕ್‌ಹೆಡ್ ಇದರಲ್ಲಿ ಇರುವುದೇ ಇಲ್ಲ. ಮೊಡವೆಗೆ, ಸುಕ್ಕಿಗೆ ಹಚ್ಚುವ ರೆಟಿನಾಯ್ಡ್ ಇರುವ ಕ್ರೀಮ್, ಸ್ಪಿರಿಟ್ ಇರುವ ಟೋನರ್, ಸ್ಕ್ರಬ್, ಯಾವುದೂ ಬೇಡ. ಮನೆಯ ಕಡಲೆಹಿಟ್ಟು, ಸೀಗೆಪುಡಿ ಹಾಕಿ ತಿಕ್ಕುವುದೂ ಬೇಡ. 5ಕ್ಕೆ ಸೊನ್ನೆ.

ಅದೇ ಅಂಗಡಿಯಲ್ಲಿ ಇನ್ನೆರಡು ವಸ್ತು ತೋರಿಸಿದರು. ಒಂದು, ಸ್ಟೆರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಸೇರಿಸಿದ ಟ್ಯೂಬ್. ಊರಿನಲ್ಲಿ ಏನೇ ತುರಿಕೆ ಬಂದರೂ ಜನ ಕೇಳಿ ತಗೊಂಡು ಹೋಗುವುದು ಇದನ್ನೇ. ಇದರಲ್ಲಿರುವ ಸ್ಟೆರಾಯ್ಡ್ ಬಹಳ ಜೋರಿನದು, ಮುಖಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ. ಇನ್ನೊಂದು ಇಟ್ರಾಕೊನಜೋಲ್ ಕ್ಯಾಪ್ಸೂಲ್, ಫಂಗಸ್ ಇರಬಹುದು ಅನ್ನೋ ಊಹೆಯ ಮೇಲೆ. ಇದು ನಿಜಕ್ಕೂ ಅಪಾಯ. ಎರ್ಲೋಟಿನಿಬ್ ಅನ್ನು ಲಿವರ್ ಕರಗಿಸುವ ದಾರಿಯನ್ನೇ ಇಟ್ರಾಕೊನಜೋಲ್ ತಡೆಯುತ್ತದೆ, ರಕ್ತದಲ್ಲಿ ಮಾತ್ರೆಯ ಪ್ರಮಾಣ ಏರುತ್ತದೆ, ಗುಳ್ಳೆ ಕಡಿಮೆ ಆಗುವ ಬದಲು ಹೆಚ್ಚಾಗುತ್ತದೆ. ಚೀಟಿ ಇಲ್ಲದೆ ಅಂಗಡಿಯವರು ಕೊಡುವ ಯಾವ ಮಾತ್ರೆಯನ್ನೂ ಕ್ಯಾನ್ಸರ್ ಡಾಕ್ಟರ್‌ಗೆ ಕೇಳದೆ ನುಂಗಿಸಬೇಡಿ.

ಮಾಯಿಶ್ಚರೈಸರ್‌ಗೆ ಬರೋಣ. ನಾವು ದುಬಾರಿಯದನ್ನೂ ಕೊಂಡೆವು, ಅಗ್ಗದ್ದನ್ನೂ ಕೊಂಡೆವು. ಆನ್‌ಲೈನ್‌ನಲ್ಲಿ ತರಿಸಿದ, ಅಲೋವೆರಾ ಚಿತ್ರ ಇರುವ ಚೆಂದದ ಬಾಟಲಿ ಹಚ್ಚಿದ ಕೂಡಲೇ ಉರಿಯಿತು. ಹಿಂದೆ ತಿರುಗಿಸಿ ನೋಡಿದರೆ ಸುವಾಸನೆ, ಆಲ್ಕೋಹಾಲ್ ಎರಡೂ ಇತ್ತು. ಚರ್ಮದ ಡಾಕ್ಟರ್ ಬರೆದುಕೊಟ್ಟ, ಸಾದಾ ಟ್ಯೂಬಿನಲ್ಲಿ ಬರುವ, ಸೆರಮೈಡ್ ಮತ್ತು ಗ್ಲಿಸರಿನ್ ಇರುವ ಕ್ರೀಮ್ ಮಾತ್ರ ಹಿಡಿಸಿತು. ಲೋಷನ್‌ಗಿಂತ ಕ್ರೀಮ್ ಒಳ್ಳೆಯದು. ಹಚ್ಚುವ ಹೊತ್ತು ಇನ್ನೂ ಮುಖ್ಯ. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ, ಟವೆಲ್‌ನಲ್ಲಿ ತಿಕ್ಕದೆ ಒತ್ತಿ ಒರೆಸುವುದು, ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಹಚ್ಚಿಬಿಡುವುದು. ಒಣಗಿದ ಮೇಲೆ ಹಚ್ಚಿದರೆ ಅರ್ಧ ಉಪಯೋಗವೂ ಇಲ್ಲ. ಕುದಿಯುವ ನೀರು ಹೊಯ್ದುಕೊಂಡರೇನೇ ಸ್ನಾನ ಅನ್ನುವವರು ನಮ್ಮಮ್ಮ, ಅವರಿಗೆ ಅದನ್ನು ಬಿಡಿಸಲು ನಾನು ಪಟ್ಟ ಪಾಡು ಬೇರೆ.

ಕೊಬ್ಬರಿ ಎಣ್ಣೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಗುಳ್ಳೆ ಇಲ್ಲದ ಕಾಲಿಗೆ, ಕೈಗೆ ಪರವಾಗಿಲ್ಲ ಅಂದರು ಡಾಕ್ಟರ್. ಗುಳ್ಳೆ ಇರುವ ಮುಖ, ಎದೆಗೆ ಎಣ್ಣೆ, ಗಟ್ಟಿ ಮುಲಾಮು ಬೇಡ ಅಂದರು. ಅರಿಶಿನ ಹಚ್ಚಬೇಡಿ. ಹಳದಿ ಬಣ್ಣದಡಿಯಲ್ಲಿ ಕೆಂಪು ಎಷ್ಟಿದೆ, ಕೀವು ಎಷ್ಟಿದೆ ಅಂತ ಡಾಕ್ಟರ್‌ಗೆ ಕಾಣುವುದೇ ಇಲ್ಲ.

ಸನ್‌ಸ್ಕ್ರೀನ್ ಹಚ್ಚಿಸೋದು ಕಷ್ಟದ ಕೆಲಸ. ನಮ್ಮ ಕಡೆ ವಯಸ್ಸಾದ ಹೆಂಗಸಿಗೆ ಸನ್‌ಸ್ಕ್ರೀನ್ ಅಂದರೆ, "ನನಗ್ಯಾಕೆ ಈ ವಯಸ್ಸಲ್ಲಿ ಸ್ನೋ ಪೌಡರ್ರು" ಅನ್ನುತ್ತಾರೆ. ಆದರೆ ಬಿಸಿಲು ಬಿದ್ದ ಕಡೆಯೇ ಗುಳ್ಳೆ ಕೆರಳುತ್ತದೆ, ಮಾಸಿದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ದಾವಣಗೆರೆ ಬಿಸಿಲು ಕೇಳಬೇಕಾ! ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವುದನ್ನು ತಗೊಳ್ಳಿ. ಮುಖ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಆದರೆ ಉರಿಯುವುದಿಲ್ಲ. ನಾವು ಮೊದಲು ತಂದ ಜೆಲ್ ಥರದ್ದು ಉರಿಯುತ್ತಿತ್ತು, ಅಮ್ಮ ಹಚ್ಚಿಕೊಳ್ಳುವುದನ್ನೇ ಬಿಟ್ಟರು. ಹೊರಗೆ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಸ್ಸಿನ ಕಿಟಕಿ ಪಕ್ಕ ಕೂರುವುದೂ ಬಿಸಿಲೇ. ತಲೆ ಮೇಲೆ ಸೆರಗು, ಕೈಯಲ್ಲಿ ಛತ್ರಿ ಇದ್ದರೆ ಇನ್ನೂ ಒಳ್ಳೆಯದು.

ನಿಜವಾಗಿ ಬದಲಾವಣೆ ಕಂಡದ್ದು ಚರ್ಮದ ಡಾಕ್ಟರ್ ಬರೆದ ಮೂರು ವಸ್ತುಗಳಿಂದ. ಡಾಕ್ಸಿಸೈಕ್ಲಿನ್ ಮಾತ್ರೆ, ಮುಖಕ್ಕೆ ಮೆತ್ತನೆಯ ಸ್ಟೆರಾಯ್ಡ್ ಅಂದರೆ 1% ಹೈಡ್ರೋಕಾರ್ಟಿಸೋನ್, ಕೀವು ಇದ್ದ ಕಡೆ ಕ್ಲಿಂಡಾಮೈಸಿನ್ ಜೆಲ್. ಡಾಕ್ಸಿಸೈಕ್ಲಿನ್ ಇಲ್ಲಿ ಕೆಲಸ ಮಾಡುವುದು ಸೋಂಕಿಗಿಂತ ಜಾಸ್ತಿ ಉರಿಯೂತ ತಗ್ಗಿಸುವುದಕ್ಕೆ. ಬೆಲೆ ಏನೂ ಅಲ್ಲ. ನುಂಗುವಾಗ ಲೋಟ ತುಂಬಾ ನೀರು ಕುಡಿಯಬೇಕು, ನುಂಗಿ ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಅಂಟಿಕೊಂಡು ಎದೆ ಉರಿಯುತ್ತದೆ. ಹಾಲು, ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಜೊತೆಗೆ ಬೇಡ. ಡಾಕ್ಸಿಸೈಕ್ಲಿನ್‌ಗೂ ಬಿಸಿಲಿಗೂ ಆಗಿಬರುವುದಿಲ್ಲ, ಸನ್‌ಸ್ಕ್ರೀನ್ ತಪ್ಪಿಸಲೇಬಾರದು.

ಇದನ್ನು ಗುಳ್ಳೆ ಬರುವ ಮೊದಲೇ ಶುರು ಮಾಡಬಹುದಿತ್ತು ಅಂತ ಆಮೇಲೆ ಗೊತ್ತಾದಾಗ ಬಹಳ ಬೇಜಾರಾಯಿತು. 2010ರಲ್ಲಿ ಪ್ರಕಟವಾದ ಸ್ಟೆಪ್ ಅನ್ನುವ ಅಧ್ಯಯನ ಇದೆ. ಅದು ಎರ್ಲೋಟಿನಿಬ್ ಮೇಲೆ ಮಾಡಿದ್ದಲ್ಲ, ಅದೇ ಇಜಿಎಫ್‌ಆರ್ ಅನ್ನು ತಡೆಯುವ ಪಾನಿಟುಮುಮಾಬ್ ಅನ್ನುವ ಇಂಜೆಕ್ಷನ್ ತಗೊಳ್ಳುವವರ ಮೇಲೆ ಮಾಡಿದ್ದು. ಒಂದು ಗುಂಪಿಗೆ ಮೊದಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, 1% ಹೈಡ್ರೋಕಾರ್ಟಿಸೋನ್, ದಿನಕ್ಕೆ ಎರಡು ಸಲ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಆರು ವಾರ ಕೊಟ್ಟರು. ಇನ್ನೊಂದು ಗುಂಪಿಗೆ ತೊಂದರೆ ಬಂದ ಮೇಲೆ ಚಿಕಿತ್ಸೆ. ಮಧ್ಯಮ ಮತ್ತು ಅದಕ್ಕಿಂತ ಜೋರಾದ ಚರ್ಮದ ತೊಂದರೆ ಎರಡನೇ ಗುಂಪಿನಲ್ಲಿ 62% ಜನಕ್ಕೆ ಬಂತು, ಮೊದಲೇ ಶುರು ಮಾಡಿದವರಲ್ಲಿ 29% ಜನಕ್ಕೆ. ಅರ್ಧಕ್ಕಿಂತ ಕಡಿಮೆ! ಲಕ್ಷಗಟ್ಟಲೆ ಬೆಲೆಯ ಔಷಧಿ ಬರೆಯುವಾಗ ಕೆಲವು ನೂರು ರೂಪಾಯಿಯ ಈ ನಾಲ್ಕು ವಸ್ತು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಹೊಸದಾಗಿ ಶುರು ಮಾಡುತ್ತಿರುವವರು ಮೊದಲ ದಿನವೇ ಬಾಯಿಬಿಟ್ಟು ಕೇಳಿ, "ಡಾಕ್ಟ್ರೇ, ಚರ್ಮಕ್ಕೆ ಮೊದಲೇ ಏನಾದ್ರೂ ಕೊಡ್ತೀರಾ" ಅಂತ. ಕೇಳಿದರೆ ಕೊಡುತ್ತಾರೆ.

ಚರ್ಮದ ಡಾಕ್ಟರ್ ಹತ್ತಿರ ಹೋಗುವವರಿಗೆ ಒಂದು ಮಾತು. ಎಲ್ಲ ಚರ್ಮದ ಡಾಕ್ಟರೂ ಈ ಮಾತ್ರೆಗಳನ್ನು ದಿನಾ ನೋಡುವವರಲ್ಲ. ನಾವು ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಎರಡು ನಿಮಿಷದಲ್ಲಿ ಮುಗಿಸಿ ಕಳಿಸಿದರು. ಎರಡನೆಯವರು ಮಾತ್ರೆಯ ಹೆಸರು ಕೇಳಿದ ತಕ್ಷಣ ಕುರ್ಚಿ ಎಳೆದುಕೊಂಡು ಕೂತು ತಲೆ, ಬೆನ್ನು, ಉಗುರು, ಬಾಯಿ ಎಲ್ಲ ನೋಡಿದರು. ರೋಗಿಯ ಅಂಗೈ ಬೆರಳು ಸೇರಿ ಮೈಯ ಸುಮಾರು 1% ಅಂತೆ. ಗುಳ್ಳೆ ಎಷ್ಟು ಅಂಗೈ ಜಾಗದಲ್ಲಿದೆ ಅಂತ ಫೋನಿನಲ್ಲಿ ಹೇಳಿದರೆ ಸಾಕು, ಅವರಿಗೆ ಅಂದಾಜು ಸಿಗುತ್ತದೆ ಅಂದರು. ಹತ್ತು ಅಂಗೈ ಒಳಗಿದ್ದರೆ ಸಣ್ಣ ತೊಂದರೆಯ ಲೆಕ್ಕ, ಮೂವತ್ತು ದಾಟಿದರೆ ಜೋರಿನ ಲೆಕ್ಕ. ಊರಿನಿಂದ ಫೋನ್ ಮಾಡುವವರಿಗೆ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಫೋಟೋ ತೆಗೆಯುವಾಗ ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಟ್ಯೂಬ್‌ಲೈಟಿನಲ್ಲಿ ಕೆಂಪು ಕಾಣುವುದಿಲ್ಲ.

ಇನ್ನು ಉಗುರು. ಇದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಆದರೆ ಅಮ್ಮನನ್ನು ನಿಜಕ್ಕೂ ಕೂರಿಸಿಬಿಟ್ಟಿದ್ದು ಕಾಲಿನ ಹೆಬ್ಬೆರಳಿನ ಉಗುರುಸುತ್ತು. ಉಗುರಿನ ಪಕ್ಕದ ಚರ್ಮ ಮೊದಲು ಕೆಂಪಾಯಿತು, ಆಮೇಲೆ ಊದಿ ಉಗುರಿನ ಮೇಲಕ್ಕೆ ಏರಿತು, ಆಮೇಲೆ ಆ ಮೂಲೆಯಲ್ಲಿ ದಾಳಿಂಬೆ ಕಾಳಿನಷ್ಟು ಕೆಂಪು ಮಾಂಸ ಬೆಳೆಯಿತು. ಮುಟ್ಟಿದರೆ ರಕ್ತ. ಚಪ್ಪಲಿ ಹಾಕೋಕಾಗಲ್ಲ, ಹೊದಿಕೆ ತಾಗಿದರೂ ಕಿರುಚುತ್ತಿದ್ದರು. ನಮ್ಮ ಕಡೆ ಉಗುರುಸುತ್ತಿಗೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಹಾಕುತ್ತಾರೆ. ಇದಕ್ಕೆ ಅದನ್ನು ಮಾಡಬೇಡಿ, ಹಸಿ ಮಾಂಸಕ್ಕೆ ನಿಂಬೆ ರಸ ತಡೆಯುವುದಿಲ್ಲ.

ನಮಗೆ ಕೆಲಸ ಮಾಡಿದ್ದನ್ನು ಹೇಳುತ್ತೇನೆ. ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ದಿನಾ ಹದಿನೈದು ನಿಮಿಷ ಬೆರಳು ಅದ್ದಿಡುವುದು, ಆಮೇಲೆ ಚೆನ್ನಾಗಿ ಒಣಗಿಸುವುದು. ವಿನೆಗರ್ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಇದಕ್ಕೆ 5ಕ್ಕೆ 5. ಎರಡನೆಯದು ಅಂಟುಪಟ್ಟಿ. ಸಾಗುವ ಬಟ್ಟೆಯ ಟೇಪಿನ ಸಣ್ಣ ತುಂಡು ಕತ್ತರಿಸಿ, ಒಂದು ತುದಿಯನ್ನು ಊದಿದ ಚರ್ಮದ ಪಕ್ಕಕ್ಕೆ, ಉಗುರಿಗೆ ತಾಗದ ಹಾಗೆ ಅಂಟಿಸಬೇಕು. ಆ ಚರ್ಮವನ್ನು ಉಗುರಿನಿಂದ ಹೊರಕ್ಕೆ ಮೆಲ್ಲಗೆ ಎಳೆಯುತ್ತಾ ಟೇಪನ್ನು ಬೆರಳಿನ ಅಡಿಯಿಂದ ಓರೆಯಾಗಿ ಸುತ್ತಿ ಮೇಲೆ ತಂದು ಬಿಡಬೇಕು. ಉಗುರಿಗೂ ಮಾಂಸಕ್ಕೂ ಮಧ್ಯೆ ಕೂದಲೆಳೆಯಷ್ಟು ಜಾಗ ಬಿಡುತ್ತದೆ, ನೋವು ಇಳಿಯುತ್ತದೆ. ಪೂರ್ತಿ ಬಿಗಿಯಾಗಿ ಸುತ್ತಬೇಡಿ, ರಕ್ತ ಓಡಾಡಬೇಕು. ಪ್ಲಾಸ್ಟಿಕ್ ಟೇಪ್ ಬೆವರಿಗೆ ಜಾರುತ್ತದೆ, ಬಟ್ಟೆಯದೇ ತಗೊಳ್ಳಿ. ನರ್ಸ್ ಒಬ್ಬರು ಒಂದು ಸಲ ಮಾಡಿ ತೋರಿಸಿದರು, ಅಷ್ಟೇ ಸಾಕಾಯಿತು.

ಕೆಂಪು ಮಾಂಸಕ್ಕೆ ಡಾಕ್ಟರ್ ಬರೆದದ್ದು ಟಿಮೊಲಾಲ್ 0.5% ಡ್ರಾಪ್ಸ್. ಅದು ಕಣ್ಣಿನ ಪ್ರೆಶರ್‌ಗೆ ಹಾಕುವ ಔಷಧಿ! ಮೆಡಿಕಲ್ ಶಾಪಿನವರು ಚೀಟಿ ತಪ್ಪಿರಬೇಕು ಅಂತ ವಾಪಸ್ ಕೊಟ್ಟರು. ಆದರೆ ಇಂಥ ಮಾಂಸ ಬೆಳವಣಿಗೆಗೆ ಚರ್ಮದ ಡಾಕ್ಟರುಗಳು ಅದನ್ನು ಬಳಸುತ್ತಾರೆ, ರಕ್ತನಾಳ ಕುಗ್ಗುತ್ತದೆ. ನಿಧಾನವಾಗಿ ಒಣಗಿ ಚಿಕ್ಕದಾಯಿತು. ಆಸ್ತಮಾ ಇರುವವರು, ಎದೆಬಡಿತ ನಿಧಾನ ಇರುವವರು ಡಾಕ್ಟರ್‌ಗೆ ಅದನ್ನು ಮೊದಲೇ ಹೇಳಬೇಕು. ಸ್ವಂತಕ್ಕೆ ತಂದು ಹಾಕಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಬೆರಳಿಗೆ ಒತ್ತದ, ಮುಂದೆ ತೆರೆದ ಚಪ್ಪಲಿ ಕೊಡಿಸಿ. ಪಾತ್ರೆ ತೊಳೆಯುವುದಾದರೆ ಒಳಗೆ ಹತ್ತಿ ಗ್ಲೌಸ್, ಹೊರಗೆ ರಬ್ಬರ್ ಗ್ಲೌಸ್.

ಬೆರಳ ತುದಿಯಲ್ಲಿ ಬ್ಲೇಡಿನಲ್ಲಿ ಗೀರಿದ ಹಾಗೆ ಸೀಳು ಬರುತ್ತವೆ. ಸಣ್ಣದಾಗಿ ಕಾಣುತ್ತವೆ, ಆದರೆ ಬ್ಲೌಸಿನ ಹುಕ್ಕು ಹಾಕೋಕಾಗಲ್ಲ, ಮುದ್ದೆ ಮುರಿಯೋಕಾಗಲ್ಲ. ರಾತ್ರಿ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಹತ್ತಿ ಗ್ಲೌಸ್ ಹಾಕಿ ಮಲಗುವುದು, ಇಷ್ಟೇ. ನಾಲ್ಕು ಪಟ್ಟು ಬೆಲೆಯ ಫೂಟ್ ಕ್ರೀಮ್, ಹ್ಯಾಂಡ್ ಕ್ರೀಮ್ ಯಾವುದೂ ಇದರ ಮುಂದೆ ನಿಲ್ಲಲಿಲ್ಲ. ತುಂಬಾ ಆಳದ ಸೀಳಿಗೆ ಚರ್ಮಕ್ಕೆಂದೇ ಇರುವ ಅಂಟು ಹಾಕುತ್ತಾರೆ, ಅದನ್ನು ಡಾಕ್ಟರ್ ಕೈಯಲ್ಲೇ ಮಾಡಿಸಿ.

ಆಸ್ಪತ್ರೆಯ ಸಾಲಿನಲ್ಲಿ ಚಿತ್ರದುರ್ಗದ ಕಡೆಯ ಒಬ್ಬ ಅಣ್ಣ ಪರಿಚಯ ಆದರು. ಲಿವರ್ ಕ್ಯಾನ್ಸರ್‌ಗೆ ಸೊರಾಫೆನಿಬ್ ತಗೋತಿದ್ದರು. ಅವರದು ಗುಳ್ಳೆ ಅಲ್ಲ, ಅಂಗೈ ಅಂಗಾಲು. ಭಾರ ಬೀಳುವ ಕಡೆ, ಉಜ್ಜುವ ಕಡೆ ಆಣಿಯ ಹಾಗೆ ಗಟ್ಟಿಯಾಗಿ ಸುತ್ತ ಕೆಂಪು. ಹೊಲದಲ್ಲಿ ಓಡಾಡುವ ಮನುಷ್ಯ, ಹಿಮ್ಮಡಿ ಊರೋಕಾಗದೆ ತುದಿಗಾಲಲ್ಲಿ ನಡೆಯುತ್ತಿದ್ದರು. ಇದಕ್ಕೆ ಯೂರಿಯಾ ಕ್ರೀಮ್. ಹೊಲಕ್ಕೆ ಹಾಕುವ ಯೂರಿಯಾನಾ ಅಂತ ಅವರು ಗಾಬರಿಯಾದರು. ಚರ್ಮ ಮೆತ್ತಗೆ ಮಾಡಲು ಶುದ್ಧ ಮಾಡಿ ಬೆರೆಸಿದ್ದು ಅಂತ ಫಾರ್ಮಸಿಯವರು ಸಮಾಧಾನವಾಗಿ ಹೇಳಿದರು. ಚೀನಾದಲ್ಲಿ ಸೊರಾಫೆನಿಬ್ ಶುರು ಮಾಡಿದ 871 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ಮೊದಲ ದಿನದಿಂದಲೇ 10% ಯೂರಿಯಾ ಕ್ರೀಮ್ ಹಚ್ಚಿದವರಲ್ಲಿ ಈ ತೊಂದರೆ 56% ಜನಕ್ಕೆ, ಹಚ್ಚದವರಲ್ಲಿ ಸುಮಾರು 74% ಜನಕ್ಕೆ ಬಂತು. ಪೂರ್ತಿ ತಡೆಯುವುದಿಲ್ಲ, ಆದರೆ ಕಡಿಮೆ ಮಾಡುತ್ತದೆ. ಕೊಳ್ಳುವಾಗ ಟ್ಯೂಬಿನ ಮೇಲೆ ಶೇಕಡಾ ನೋಡಿ. ಜಾಸ್ತಿ ಶೇಕಡಾದ್ದು ದಪ್ಪ ಆಣಿಗೆ ಮಾತ್ರ, ಸೀಳಿದ ಚರ್ಮಕ್ಕೆ ಹಚ್ಚಿದರೆ ಉರಿಯುತ್ತದೆ. ಚಪ್ಪಲಿಯೊಳಗೆ ಮೆತ್ತನೆಯ ಸೋಲ್ ಹಾಕಿಸಿಕೊಂಡ ಮೇಲೆ ಅವರು ಸ್ವಲ್ಪ ನಡೆಯುವಂತಾದರು. ಅಂದ ಹಾಗೆ ಈ ಮಾತ್ರೆ ತಿಂಗಳಿಗೆ 2.8 ಲಕ್ಷ ರೂಪಾಯಿ ಇತ್ತು. 2012ರಲ್ಲಿ ಸರ್ಕಾರ, ಪೇಟೆಂಟ್ ಬೇರೆಯವರದಾದರೂ ಇದನ್ನು ತಯಾರಿಸಲು ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟ ಮೇಲೆ ಅದರ ಜನರಿಕ್ ತಿಂಗಳಿಗೆ 9,000 ರೂಪಾಯಿಯೊಳಗೆ ಸಿಗುವಂತಾಯಿತು. ಇಷ್ಟೆಲ್ಲ ಆಗಿ ಕೈಗೆ ಬಂದ ಮಾತ್ರೆಯನ್ನು ಅಂಗಾಲಿನ ನೋವಿಗೆ ಬಿಡುವಂತಾಗಬಾರದು ಅಲ್ವಾ?

ಇನ್ನೊಂದು ವಿಷಯ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ನೋವಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಅಂಗೈ ಅಂಗಾಲಿಗೆ ಹಚ್ಚಿದರೆ ಆಯ್ತು ಅಂತ. ದೆಹಲಿ ಏಮ್ಸ್‌ನಲ್ಲಿ ಆ ಅಧ್ಯಯನ ನಡೆದಿರುವುದು ನಿಜ, ಫಲಿತಾಂಶ ಚೆನ್ನಾಗಿರುವುದೂ ನಿಜ. ಆದರೆ ಅದು ಕೆಪೆಸಿಟಾಬಿನ್ ಅನ್ನುವ ಕೀಮೋ ಮಾತ್ರೆ ತಗೊಳ್ಳುವವರಿಗೆ ಮಾಡಿದ್ದು. ಸೊರಾಫೆನಿಬ್‌ನ ಅಂಗಾಲಿನ ತೊಂದರೆ ಬೇರೆ, ಕೆಪೆಸಿಟಾಬಿನ್‌ನದು ಬೇರೆ. ಫಾರ್ವರ್ಡ್ ನೋಡಿ ಹಚ್ಚಬೇಡಿ.

ಬಾಯಿಗೆ ಬಂದರೆ, ಅಮ್ಮನಿಗೆ ಓಸಿಮೆರ್ಟಿನಿಬ್‌ನಲ್ಲಿ ನಾಲಿಗೆಯ ಅಂಚು, ತುಟಿಯ ಒಳಗೆ ಹುಣ್ಣು. ಅಂಗಡಿಯ ಬಣ್ಣಬಣ್ಣದ, ಖಾರ ಖಾರ ಮೌತ್‌ವಾಶ್ ಬೇಡವೇ ಬೇಡ, ಬಹಳಷ್ಟರಲ್ಲಿ ಆಲ್ಕೋಹಾಲ್ ಇರುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ಊಟ ಆದ ಮೇಲೆಲ್ಲ ಮುಕ್ಕಳಿಸಿ ಉಗುಳುವುದು. ದಿನಾ ಹೊಸದಾಗಿ ಮಾಡಿಕೊಳ್ಳಬೇಕು. ಇದಕ್ಕೂ 5ಕ್ಕೆ 5. ಮಕ್ಕಳ ಮೆತ್ತನೆಯ ಬ್ರಷ್, ನೊರೆ ಕಡಿಮೆ ಬರುವ, ಪುದೀನ ಉರಿ ಇಲ್ಲದ ಪೇಸ್ಟ್. ನೊರೆಗೆ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್ ಕೇಳಿ ತಗೊಳ್ಳಿ, ವ್ಯತ್ಯಾಸ ಗೊತ್ತಾಗುತ್ತದೆ. ಬೆಂಜಿಡಮೈನ್ ಇರುವ ಮೌತ್‌ವಾಶ್ ಡಾಕ್ಟರ್ ಬರೆದರು. ನೋವು ಸ್ವಲ್ಪ ಹೊತ್ತು ಮಂಕಾಗುತ್ತದೆ, ಅಷ್ಟರಲ್ಲಿ ನಾಲ್ಕು ತುತ್ತು ಒಳಗೆ ಹೋಗುತ್ತದೆ. ಹುಣ್ಣು ಅದರಿಂದ ವಾಸಿ ಆಗಲಿಲ್ಲ, ಆದರೂ ಊಟಕ್ಕೆ ಮುಂಚೆ ಅದು ಬೇಕೇ ಬೇಕು. 5ಕ್ಕೆ 3.

ಸ್ತನ ಕ್ಯಾನ್ಸರ್‌ಗೆ ಎವೆರೊಲಿಮಸ್ ತಗೊಳ್ಳುವವರು ಈ ಪ್ಯಾರಾ ಬಿಡದೆ ಓದಿ. ಆ ಮಾತ್ರೆಯಲ್ಲಿ ಬಾಯಿಹುಣ್ಣು ಬಹಳ ಜಾಸ್ತಿ, ಅದೂ ಮೊದಲ ಎರಡು ತಿಂಗಳಲ್ಲೇ. ಅದಕ್ಕೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್ ದ್ರಾವಣವನ್ನು ಮೊದಲ ದಿನದಿಂದಲೇ ಮುಕ್ಕಳಿಸಲು ಕೊಡುತ್ತಾರೆ. 2017ರಲ್ಲಿ ಪ್ರಕಟವಾದ ಸ್ವಿಶ್ ಅಧ್ಯಯನದಲ್ಲಿ 10 ಮಿಲಿಲೀಟರ್ ಬಾಯಲ್ಲಿ ಎರಡು ನಿಮಿಷ ಆಡಿಸಿ ಉಗುಳುವುದು, ದಿನಕ್ಕೆ ನಾಲ್ಕು ಸಲ, ಆಮೇಲೆ ಒಂದು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಹೀಗೆ ಮಾಡಿದವರಲ್ಲಿ ಊಟಕ್ಕೆ ತೊಂದರೆ ಕೊಡುವಷ್ಟು ಹುಣ್ಣು ಎಂಟು ವಾರದಲ್ಲಿ ಬಂದಿದ್ದು ಬರೀ 2% ಜನಕ್ಕೆ. ಹೀಗೆ ಮುಕ್ಕಳಿಸದೆ ಎವೆರೊಲಿಮಸ್ ತಗೊಂಡ, ಅದಕ್ಕೂ ಮೊದಲಿನ ದೊಡ್ಡ ಅಧ್ಯಯನದಲ್ಲಿ ಅದು 33% ಇತ್ತು. ಅಮ್ಮನ ಪಕ್ಕದ ಬೆಡ್ಡಿನ ಅಕ್ಕನಿಗೆ ಇದನ್ನು ಬರೆದುಕೊಟ್ಟಿದ್ದರು, ಆಕೆ ಚಪಾತಿ ಪಲ್ಯ ತಿನ್ನುತ್ತಾ ಕೂತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸ್ಟೆರಾಯ್ಡ್ ಮುಕ್ಕಳಿಸುವವರ ಬಾಯಲ್ಲಿ ಮೊಸರಿನ ಹಾಗೆ ಬಿಳಿ ಪೊರೆ ಕಂಡರೆ ಅದು ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧಿ, ಡಾಕ್ಟರ್‌ಗೆ ತೋರಿಸಿ.

ಊಟದ ವಿಷಯದಲ್ಲಿ ನಮ್ಮ ಊರಿನ ತಿಂಡಿಗಳೇ ಶತ್ರು. ಮಂಡಕ್ಕಿ, ಮಿರ್ಚಿ, ಖಡಕ್ ರೊಟ್ಟಿ, ಕೆಂಪು ಚಟ್ನಿ, ಎಲ್ಲ ಬಂದ್. ಖಡಕ್ ರೊಟ್ಟಿಯ ಅಂಚು ಹುಣ್ಣಿಗೆ ತಾಗಿದರೆ ಕಣ್ಣಲ್ಲಿ ನೀರು. ತಣ್ಣಗಾದ ರಾಗಿ ಅಂಬಲಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಹುಳಿ ಇಲ್ಲದ ಮೊಸರು, ತುಪ್ಪ ಹಾಕಿದ ಬೇಳೆಕಟ್ಟು, ಸಜ್ಜಿಗೆ. ಎಲೆ ಅಡಿಕೆ ಸುಣ್ಣ ಹಾಕುವವರಿದ್ದರೆ ಖಂಡಿತ ನಿಲ್ಲಿಸಿ.

ಮಾತ್ರೆಯನ್ನು ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ, ದಿನ ಬಿಟ್ಟು ದಿನ ಕೊಡಬೇಡಿ. ತಡೆಯಲಾಗದಷ್ಟು ಆದರೆ ಡಾಕ್ಟರೇ ಕೆಲವು ದಿನ ನಿಲ್ಲಿಸುತ್ತಾರೆ, ಡೋಸ್ ಇಳಿಸುತ್ತಾರೆ, ಅದಕ್ಕೂ ಒಂದು ಲೆಕ್ಕ ಇರುತ್ತದೆ. ಅಮ್ಮನಿಗೂ ಒಂದು ಸಲ ಎರ್ಲೋಟಿನಿಬ್ 100ಕ್ಕೆ ಇಳಿಸಿದ್ದರು. ಆದರೆ ಜ್ವರ ಬಂದು ಚರ್ಮದ ಮೇಲೆ ನೀರುಗುಳ್ಳೆ ಎದ್ದರೆ, ಚರ್ಮ ಪದರವಾಗಿ ಸುಲಿದುಬಂದರೆ, ಕಣ್ಣು ಕೆಂಪಾಗಿ ಬಾಯೆಲ್ಲ ಹಸಿಯಾದರೆ, ಗುಳ್ಳೆಗಳ ಮೇಲೆ ಜೇನಿನ ಬಣ್ಣದ ಹೆಕ್ಕಳೆ ಕಟ್ಟಿ ಕೀವು ಸೋರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊನೆಗೆ ಕಣ್ಣು. ಎರ್ಲೋಟಿನಿಬ್‌ನಲ್ಲಿ ರೆಪ್ಪೆ ಕೂದಲು ಉದ್ದ ಬೆಳೆದು ಸುರುಳಿ ಸುತ್ತಿ ಒಳಗೆ ಚುಚ್ಚುತ್ತವೆ. ಅಮ್ಮನಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಅನ್ನಿಸುತ್ತಿತ್ತು, ಧೂಳಿಗೆ ಅಂದುಕೊಂಡು ಸುಮ್ನೆ ಉಜ್ಜುತ್ತಿದ್ದರು. ಕಣ್ಣಿನ ಡಾಕ್ಟರ್ ನೋಡಿ ಕತ್ತರಿಸಿದರು, ಒಣ ಕಣ್ಣಿಗೆ ಡ್ರಾಪ್ಸ್ ಕೊಟ್ಟರು. ಮನೆಯಲ್ಲಿ ಚಿಮುಟದಲ್ಲಿ ಕೀಳಬೇಡಿ. ಕಣ್ಣು ನೋಯುತ್ತಿದ್ದರೆ, ಬೆಳಕು ನೋಡೋಕಾಗದಿದ್ದರೆ ಚರ್ಮದ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಕಣ್ಣಿನ ಆಸ್ಪತ್ರೆಗೇ ಹೋಗಿ, ಮಾತ್ರೆಯ ಸ್ಟ್ರಿಪ್ ಜೊತೆಗೆ ತಗೊಂಡು ಹೋಗಿ.